ಅಡಿಟಿಪ್ಪಣಿಯಲ್ಲಿ ಉಳಿದ ಸಿಪಾಯಿಗಳು

ಏಪ್ರಿಲ್ ಬಂತೆಂದರೆ ಇಲ್ಲಿ ಕ್ಯಾನ್‌ಬೆರಾದ ಪುಸ್ತಕದ ಅಂಗಡಿಗಳಲ್ಲಿ ಮುಂದಿನ ಸಾಲಿಗೆ ಯುದ್ಧದ ಪುಸ್ತಕಗಳು ಬಂದು ಕೂರುತ್ತವೆ. ಏಪ್ರಿಲ್ 25 ಆ್ಯಂಜಾಕ್ ದಿನ, ಯುದ್ಧದಲ್ಲಿ ಮಡಿದವರನ್ನು ನೆನೆಯುವ ದಿನ. ಮೊದಲನೆಯ ಮಹಾಯುದ್ಧದ ಕಾಲ, 1915ರಲ್ಲಿ ಆವತ್ತು ಬೆಳಗಿನ ಜಾವ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಸೈನಿಕರು ಟರ್ಕಿಯ ಗಲಿಪೊಲಿ ತೀರದಲ್ಲಿ ಇಳಿದರು. ತಿಂಗಳುಗಟ್ಟಲೆ ಆ ಕಡಿದಾದ ಗುಡ್ಡಗಳಲ್ಲಿ ಕಾದಾಡಿ, ಗೆಲ್ಲಲಾಗದೆ ಡಿಸೆಂಬರಿನಲ್ಲಿ ವಾಪಸಾದರು. ಎಂಟು ಸಾವಿರಕ್ಕೂ ಹೆಚ್ಚು ಆಸ್ಟ್ರೇಲಿಯನ್ನರು ಅಲ್ಲಿ ಸತ್ತರು. ಸೋತ ಯುದ್ಧವನ್ನು ಒಂದು ದೇಶ ಇಷ್ಟು ಅಕ್ಕರೆಯಿಂದ ಓದುತ್ತದಲ್ಲ ಅಂತ ಮೊದಮೊದಲು ನನಗೆ ಆಶ್ಚರ್ಯ. ಓದುತ್ತಾ ಹೋದಂತೆ ಕಾರಣ ಗೊತ್ತಾಯಿತು. ಈ ಪುಸ್ತಕಗಳಲ್ಲಿ ಮಾತೆಲ್ಲ ಸಿಪಾಯಿಗಳದ್ದೇ.

ಇದನ್ನು ಶುರು ಮಾಡಿದವರು ಚಾರ್ಲ್ಸ್ ಬೀನ್ ಎಂಬ ಪತ್ರಕರ್ತ. ಸೇನೆಯ ಜೊತೆ ವರದಿಗಾರರಾಗಿ ಗಲಿಪೊಲಿಯಲ್ಲಿ ಇಳಿದರು. ಆಗಸ್ಟಿನಲ್ಲಿ ಕಾಲಿಗೆ ಗುಂಡು ಬಿದ್ದರೂ ಜಾಗ ಬಿಡಲಿಲ್ಲ. ಕಂದಕಗಳಲ್ಲಿ ಓಡಾಡಿ, ಕಂಡವರನ್ನೆಲ್ಲ ಕೇಳಿ, ಕೇಳಿದ್ದನ್ನೆಲ್ಲ ಬರೆದಿಟ್ಟರು. ಸೈನಿಕರು ಅಲ್ಲೇ ಕೂತು ಬರೆದ ಪದ್ಯ, ಚಿತ್ರ, ಕಥೆಗಳನ್ನು ಸೇರಿಸಿ 1916ರಲ್ಲಿ ಒಂದು ಪುಸ್ತಕವನ್ನೂ ತಂದರು. ಯುದ್ಧ ಮುಗಿದ ಮೇಲೆ 1919ರಲ್ಲಿ ಮತ್ತೆ ಗಲಿಪೊಲಿಗೆ ಹೋಗಿ, ಯಾರು ಎಲ್ಲಿವರೆಗೆ ಮುಟ್ಟಿದ್ದರು ಅಂತ ನೆಲದ ಮೇಲೆ ನಡೆದು ನೋಡಿದರು. ಆಮೇಲೆ ಈ ಊರಿನ ಹತ್ತಿರವೇ, ಟಗರನಾಂಗ್ ಎಂಬಲ್ಲಿನ ಒಂದು ತೋಟದ ಮನೆಯಲ್ಲಿ ಕೂತು ಬರೆಯತೊಡಗಿದರು. ಆಸ್ಟ್ರೇಲಿಯಾದ ಅಧಿಕೃತ ಯುದ್ಧ ಇತಿಹಾಸ 12 ಸಂಪುಟಗಳದ್ದು. ಆರನ್ನು ಬೀನ್ ತಾವೇ ಬರೆದರು. ಕೊನೆಯದು ಹೊರಬರುವಾಗ 1942. ಅಷ್ಟು ಹೊತ್ತಿಗೆ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸಂಪುಟಗಳ ಅಡಿಟಿಪ್ಪಣಿಗಳು. ಮೇಲೆ ಒಬ್ಬ ಸಾಮಾನ್ಯ ಸಿಪಾಯಿಯ ಹೆಸರು ಬಂದರೆ, ಕೆಳಗೆ ಸಣ್ಣ ಅಕ್ಷರದಲ್ಲಿ ಅವನ ಪರಿಚಯ ಇರುತ್ತದೆ. ಏನು ಕೆಲಸ ಮಾಡುತ್ತಿದ್ದ, ಯಾವ ಊರು, ಎಲ್ಲಿ ಹುಟ್ಟಿದ, ಸತ್ತಿದ್ದರೆ ಯಾವತ್ತು. ರೈತ, ಗುಮಾಸ್ತ, ಬಡಗಿ, ಕೂಲಿಯಾಳು. ಇಂಥವರು ಸಾವಿರಾರು ಜನ. ಸರ್ಕಾರದ ಇತಿಹಾಸ ಎಂದರೆ ಸೇನಾಪತಿಗಳ ಕಥೆ ಅಂತ ನಾವು ಶಾಲೆಯಲ್ಲಿ ಕಲಿತವರು ಅಲ್ವಾ? ಇಲ್ಲಿ ಬಡಗಿಯೊಬ್ಬನ ಊರಿಗೂ ಜಾಗವಿದೆ.

ಸಿಡ್ನಿಯ ಸ್ಟೇಟ್ ಲೈಬ್ರರಿಯವರು ಇನ್ನೂ ಒಂದು ಒಳ್ಳೆಯ ಕೆಲಸ ಮಾಡಿದರು. ಸೈನಿಕರ ಡೈರಿಗಳನ್ನು ದುಡ್ಡು ಕೊಟ್ಟು ಕೊಳ್ಳುತ್ತೇವೆ ಅಂತ ಯುದ್ಧ ಮುಗಿಯುವ ಹೊತ್ತಿಗೇ ಜಾಹೀರಾತು ಕೊಟ್ಟರು. ಆ ಡೈರಿಗಳನ್ನು ಈಗ ಯಾರು ಬೇಕಾದರೂ ಇಂಟರ್ನೆಟ್‌ನಲ್ಲಿ ಓದಬಹುದು. ಕೈಬರಹ ಬಿಡಿಸಿ ಟೈಪ್ ಮಾಡಿದವರು ಸ್ವಯಂಸೇವಕರು. ಹೀಗೆ ಕೂಡಿಟ್ಟ ಕಾಗದಪತ್ರಗಳಿದ್ದರೆ ಏನೇನು ಬರೆಯಬಹುದು ಎನ್ನುವುದಕ್ಕೆ ಬಿಲ್ ಗ್ಯಾಮೇಜ್ ಎಂಬ ಇತಿಹಾಸಕಾರ ಸಾಕ್ಷಿ. ಅವರು ಸುಮಾರು ಸಾವಿರ ಸೈನಿಕರ ಪತ್ರ, ಡೈರಿಗಳನ್ನು ಓದಿ 1974ರಲ್ಲಿ ‘ದ ಬ್ರೋಕನ್ ಇಯರ್ಸ್’ ಬರೆದರು. ಉತ್ಸಾಹದಿಂದ ಹೊರಟ ಹುಡುಗರ ಮನಸ್ಸು ಫ್ರಾನ್ಸಿನ ಕೆಸರಿನಲ್ಲಿ ಹೇಗೆ ಕುಸಿಯಿತು ಎಂದು ಅವರದೇ ಮಾತಿನಲ್ಲಿ ಓದುವಾಗ ಎದೆ ಭಾರವಾಗುತ್ತದೆ.

ಆಲ್ಬರ್ಟ್ ಫೇಸಿ ಬರೆದ ‘ಎ ಫಾರ್ಚುನೇಟ್ ಲೈಫ್’ ನನಗೆ ಇವೆಲ್ಲಕ್ಕಿಂತ ಹತ್ತಿರ. ಶಾಲೆಗೆ ಹೋಗಲಾಗದೆ ಎಳೆಯ ವಯಸ್ಸಿಗೇ ದುಡಿಮೆಗೆ ಬಿದ್ದವರು. ಓದು ಬರಹ ತಾವೇ ಕಲಿತರು. ಪುಸ್ತಕ 1981ರಲ್ಲಿ ಬಂತು, ಮರುವರ್ಷ ತೀರಿಕೊಂಡರು. ತಾನು ಗಲಿಪೊಲಿಯಲ್ಲಿ ಮೊದಲ ದಿನವೇ ಇಳಿದೆ ಅಂತ ಬರೆದಿದ್ದಾರೆ. ಸೇನೆಯ ದಾಖಲೆ ನೋಡಿದರೆ ಅವರು ಅಲ್ಲಿ ಮುಟ್ಟಿದ್ದು ಮೇ ತಿಂಗಳಲ್ಲಿ. ಹಾಗಂತ ಪುಸ್ತಕದ ಬೆಲೆ ಕಡಿಮೆಯಾಗುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ತಾರೀಖಿಗೆ ದಾಖಲೆ ನೋಡಬೇಕು. ಹೆದರಿಕೆ, ಹಸಿವು, ಅಣ್ಣಂದಿರನ್ನು ಕಳೆದುಕೊಂಡ ಸಂಕಟ ಹೇಗಿರುತ್ತದೆ ಅಂತ ತಿಳಿಯಲು ಫೇಸಿಯನ್ನೇ ಓದಬೇಕು.

ಗಲಿಪೊಲಿಯಲ್ಲಿ ನಮ್ಮವರೂ ಇದ್ದರು. ಸಿಖ್ಖರು, ಗೂರ್ಖಾಗಳು, ಫಿರಂಗಿ ಪಡೆಯವರು, ಹೇಸರಗತ್ತೆಗಳ ಮೇಲೆ ನೀರು ಮದ್ದುಗುಂಡು ಸಾಗಿಸಿದವರು. ಡಬ್ಬಿಯ ಮಾಂಸ ತಿಂದು ಬೇಸತ್ತ ಆಸ್ಟ್ರೇಲಿಯನ್ನರು ಇವರ ಹತ್ತಿರ ಚಪಾತಿ ಕೇಳಿ ತಿನ್ನುತ್ತಿದ್ದರು. ಕತ್ತೆಯ ಮೇಲೆ ಗಾಯಾಳುಗಳನ್ನು ಹೊತ್ತು ತಂದ ಸಿಂಪ್ಸನ್ ಇಲ್ಲಿ ಮಕ್ಕಳಿಗೂ ಗೊತ್ತಿರುವ ಹೆಸರು. ಅವನು ಉಳಿದುಕೊಳ್ಳುತ್ತಿದ್ದದ್ದು ಭಾರತೀಯರ ಬಿಡಾರದಲ್ಲಿ. ಅವರು ಅವನನ್ನು ‘ಬಹದ್ದೂರ್’ ಅಂತ ಕರೆಯುತ್ತಿದ್ದರಂತೆ. 2015ರಲ್ಲಿ ಪೀಟರ್ ಸ್ಟ್ಯಾನ್ಲಿ ಎಂಬ ಇತಿಹಾಸಕಾರ ಗಲಿಪೊಲಿಯ ಭಾರತೀಯರ ಬಗ್ಗೆಯೇ ಒಂದು ಪುಸ್ತಕ ಬರೆದರು. ನಮ್ಮವರ ಕಥೆಗಾಗಿ ಅವರು ಜಾಸ್ತಿ ನೆಚ್ಚಬೇಕಾಗಿ ಬಂದದ್ದು ಬ್ರಿಟಿಷ್ ಅಧಿಕಾರಿಗಳ, ಆಸ್ಟ್ರೇಲಿಯನ್ನರ ಕಾಗದಪತ್ರಗಳನ್ನು. ಚಪಾತಿ ತಿಂದವನ ಡೈರಿ ಉಳಿದಿದೆ, ಚಪಾತಿ ತಟ್ಟಿದವನ ಮಾತು ಸಿಗುವುದಿಲ್ಲ.

ಇದು ನನ್ನನ್ನು ಇಷ್ಟು ಕಾಡುವುದಕ್ಕೆ ಇನ್ನೊಂದು ಕಾರಣ ಮೈಸೂರು. ಮೈಸೂರು ಲ್ಯಾನ್ಸರ್ಸ್ ಕುದುರೆಪಡೆ 1914ರಲ್ಲೇ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆ ಕಾದಿತ್ತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಪಡೆಯ ಜೊತೆ ಸೇರಿ, ಈಗ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ಗೆದ್ದಿತು. ಎದುರಿಗೆ ಮೆಷಿನ್ ಗನ್ನು, ಫಿರಂಗಿ. ಇವರ ಕೈಯಲ್ಲಿ ಭರ್ಜಿ. ಆಗ ಅವರು ಹ್ಯಾರಿ ಶೋವೆಲ್ ಎಂಬ ಆಸ್ಟ್ರೇಲಿಯನ್ ಸೇನಾಪತಿಯ ಕೈಕೆಳಗಿದ್ದರು. ಆ ದಂಡಯಾತ್ರೆಗೆ ಇಲ್ಲಿನ ಅಧಿಕೃತ ಇತಿಹಾಸದಲ್ಲಿ ಒಂದು ಇಡೀ ಸಂಪುಟವೇ ಇದೆ, 1923ರದ್ದು. ಅದರಲ್ಲಿ ಆಸ್ಟ್ರೇಲಿಯಾದ ಸವಾರರ ಊರು, ಕಸುಬು ಎಲ್ಲ ಸಿಗುತ್ತದೆ. ಅದೇ ಸೇನೆಯಲ್ಲಿದ್ದ ಮೈಸೂರಿನ ಸವಾರರಿಗೆ ದೆಹಲಿಯ ತೀನ್ ಮೂರ್ತಿಯಲ್ಲಿ ಪ್ರತಿಮೆಯಿದೆ, ಬೆಂಗಳೂರಿನ ಜೆ.ಸಿ. ನಗರದಲ್ಲಿ ಸ್ಮಾರಕವಿದೆ. ಅವರು ಮನೆಗೆ ಏನು ಬರೆದರು, ಕುದುರೆ ಸತ್ತಾಗ ಅತ್ತರೇ, ಮರಳುಗಾಡಿನಲ್ಲಿ ಏನು ಉಂಡರು, ಇವನ್ನೆಲ್ಲ ಅವರದೇ ಬಾಯಿಂದ ಕನ್ನಡದಲ್ಲಿ ಓದಬೇಕೆಂಬ ಆಸೆ ನನಗೆ.

ಅಧಿಕೃತ ಇತಿಹಾಸದ ಆ ಸಂಪುಟಗಳನ್ನು ಕ್ಯಾನ್‌ಬೆರಾದ ಯುದ್ಧ ಸ್ಮಾರಕದ ಜಾಲತಾಣದಲ್ಲಿ ಊರಿನಿಂದಲೇ ಪುಕ್ಕಟೆ ಓದಬಹುದು. ಹಾಗೆಯೇ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಯಾರಾದರೂ ಮೈಸೂರು ಸಂಸ್ಥಾನದ ಪಡೆಯಲ್ಲಿದ್ದರೆ, ಅವರ ಕಾಗದ, ಪದಕ, ಪಿಂಚಣಿ ಚೀಟಿ, ಏನೇ ಇರಲಿ, ಸುಮ್ನೆ ರದ್ದಿಗೆ ಹಾಕಬೇಡಿ. ಫೋಟೋ ತೆಗೆದಿಡಿ. ಮನೆಯ ಹಿರಿಯರನ್ನು ಈಗಲೇ ಕೇಳಿ, ಹೆಸರು, ಊರು, ಕಸುಬು ಬರೆದುಕೊಳ್ಳಿ. ಸಂಸ್ಥಾನದ ಹಳೆಯ ಕಡತಗಳು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿವೆ. ಮನೆಯ ಕಾಗದ, ಅಲ್ಲಿನ ಕಡತ ಎರಡನ್ನೂ ಎದುರಿಗಿಟ್ಟುಕೊಂಡು ಯಾರಾದರೂ ಬರೆಯಲು ಕೂತರೆ, ಇಲ್ಲಿನ ದಾಖಲೆಗಳನ್ನು ಹುಡುಕಿಕೊಡುವ ಕೆಲಸ ನನಗಿರಲಿ.