ಪಟಕಂಚಾ ಕಣಿವೆಯಲ್ಲಿ ಒಲೆ ಹಾಕಿದ ದಿನ

ಪೆರುವಿನ ಒಲ್ಲಾಂತಾಯ್ತಾಂಬೊ ಪಟ್ಟಣದಿಂದ ಪಟಕಂಚಾ ಹೊಳೆಗುಂಟ ಮೇಲಕ್ಕೆ ಹೋದರೆ ಮೂರೂವರೆ ಸಾವಿರ ಮೀಟರಿಗೂ ಎತ್ತರದಲ್ಲಿ ಆಂಡಿಸ್ ಬೆಟ್ಟಗಳ ಮೂಲನಿವಾಸಿಗಳಾದ ಕೆಚುವಾ ಜನರ ಊರುಗಳಿವೆ. ಬೇಸಿಗೆ ರಜೆಯಲ್ಲಿ ಅಮೆರಿಕದಿಂದ ಇಲ್ಲಿಗೆ ಸೇವಾ ಪ್ರವಾಸಕ್ಕೆ ಬರುವ ಹೈಸ್ಕೂಲು ತಂಡಗಳಲ್ಲಿ ಕನ್ನಡದ ಮನೆಗಳ ಮಕ್ಕಳೂ ಇರುತ್ತಾರೆ. ಜೂನ್ ತಿಂಗಳ ಒಂದು ದಿನ ಅಂಥದೊಂದು ತಂಡ ಇಲ್ಲಿನ ಮನೆಯೊಂದರಲ್ಲಿ ಹೊಗೆಯಿಲ್ಲದ ಮಣ್ಣಿನ ಒಲೆ ಹಾಕಿತು. ಮಕ್ಕಳನ್ನು ಕಳಿಸಬೇಕೆಂದಿರುವವರಿಗೆ ಉಪಯೋಗವಾಗಲೆಂದು ಆ ದಿನದ ಕೆಲಸವನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಎತ್ತರದ ಮಾತು. ವಿಮಾನ ಇಳಿಯುವ ಕುಸ್ಕೊ ನಗರವೇ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟು. ಹಾಗಾಗಿ ತಂಡ ಅಲ್ಲಿ ತಂಗದೆ ನೇರವಾಗಿ ವ್ಯಾನಿನಲ್ಲಿ ಉರುಬಾಂಬಾ ಕಣಿವೆಗೆ, ಅಂದರೆ 2,800 ಮೀಟರ್ ಆಸುಪಾಸಿಗೆ ಇಳಿದು, ಮೂರು ರಾತ್ರಿ ಅಲ್ಲಿ ಮಲಗಿ, ಆಮೇಲೆ ಮೇಲಕ್ಕೆ ಹತ್ತಿತು. ಬಂದ ಮರುದಿನವೇ ಸಲಿಕೆ ಕೈಗೆ ಕೊಡುವ ಕಾರ್ಯಕ್ರಮವಿದ್ದರೆ ಅದನ್ನು ಬಿಟ್ಟುಬಿಡಿ. ತಲೆನೋವು, ಊಟ ಸೇರದಿರುವುದು ಸಾಮಾನ್ಯ. ವಾಂತಿ ನಿಲ್ಲದಿದ್ದರೆ ಅಥವಾ ನಡಿಗೆ ತಡವರಿಸಿದರೆ ತಕ್ಷಣ ಕೆಳಗಿಳಿಸಬೇಕು. ಎತ್ತರದ ಕಾಯಿಲೆ ತಡೆಯುವ ಅಸೆಟಜೋಲಮೈಡ್ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತರಬೇಕು, ಸಲ್ಫಾ ಔಷಧಿಗಳ ಅಲರ್ಜಿ ಇದ್ದರೆ ಮೊದಲೇ ಹೇಳಬೇಕು. ಎಲ್ಲೆಡೆ ಕೊಡುವ ಕೋಕಾ ಎಲೆಯ ಚಹಾ ಇಲ್ಲಿ ನಿತ್ಯದ ಪಾನೀಯ. ಆದರೆ ಅದನ್ನು ಕುಡಿದ ಕೆಲವು ದಿನ ಮೂತ್ರ ಪರೀಕ್ಷೆಯಲ್ಲಿ ಕೊಕೇನ್ ಎಂದು ತೋರಬಹುದು. ಶಾಲೆಯ ಕ್ರೀಡಾ ತಂಡದಲ್ಲಿರುವ ಮಕ್ಕಳು ಇದನ್ನು ತಿಳಿದಿರಬೇಕು. ಎಲೆಯನ್ನು ಅಮೆರಿಕಕ್ಕೆ ತರುವಂತೆಯೂ ಇಲ್ಲ.

ಒಲೆಗೂ ಈ ಎತ್ತರಕ್ಕೂ ಸಂಬಂಧವಿದೆ. ಮೂರೂವರೆ ಸಾವಿರ ಮೀಟರಿನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಮೆಕ್ಕೆಜೋಳ, ಅವರೆಯಂಥ ಕಾಳು, ಆಲೂಗಡ್ಡೆ ಬೇಯುವುದಕ್ಕೆ ಹೆಚ್ಚು ಹೊತ್ತು ಬೇಕು, ಅಷ್ಟು ಹೊತ್ತೂ ಬೆಂಕಿ ಉರಿಯಬೇಕು. ಚಿಮಣಿಯಿಲ್ಲದ ಅಡುಗೆಮನೆಯಲ್ಲಿ ಗೋಡೆ ಕಪ್ಪಾಗಿ, ಮಾಡಿನಿಂದ ಇಲ್ಲಣ ಜೋತಾಡುತ್ತಿತ್ತು. ಒಲೆ ಮುಂದೆ ಕೂರುವ ಹೆಂಗಸರು ಮತ್ತು ಅವರ ಬೆನ್ನಿಗೆ ಕಟ್ಟಿಕೊಂಡ ಕೂಸುಗಳು ಆ ಹೊಗೆಯನ್ನೇ ಉಸಿರಾಡುತ್ತವೆ.

ಮಕ್ಕಳು ಬರುವ ಹೊತ್ತಿಗೆ ಇಟ್ಟಿಗೆ, ಮಣ್ಣು ಎರಡೂ ತಯಾರಾಗಿದ್ದವು. ಸುಡದ ಮಣ್ಣಿನ ಇಟ್ಟಿಗೆ ಮೂರು ನಾಲ್ಕು ವಾರ ಒಣಗಬೇಕು. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಮಳೆಯಿಲ್ಲದ ಕಾಲವಾದ್ದರಿಂದ ಮೇ ತಿಂಗಳಲ್ಲೇ ಕುಯ್ದು ಇಟ್ಟಿದ್ದರು. 40 ಸೆಂಟಿಮೀಟರ್ ಉದ್ದ, 20 ಅಗಲ, 10 ದಪ್ಪದ ಇಟ್ಟಿಗೆ ಹದಿಮೂರು ಕೆಜಿ ತೂಗುತ್ತದೆ. ಈ ಎತ್ತರದಲ್ಲಿ ಒಬ್ಬರು ಒಮ್ಮೆಗೆ ಒಂದು ಹೊತ್ತರೆ ಸಾಕು. ಮಣ್ಣಿನಲ್ಲಿ ಜೇಡಿಯ ಅಂಶ ಎಷ್ಟಿದೆ ಎಂದು ನೋಡುವ ವಿಧಾನವನ್ನು ಮೇಸ್ತ್ರಿ ಎಲ್ಲರಿಂದಲೂ ಮಾಡಿಸಿದ. ಒದ್ದೆ ಮಣ್ಣನ್ನು ಬೆರಳಿನ ಗಾತ್ರಕ್ಕೆ ಹೊಸೆದು, ಹೆಬ್ಬೆರಳಿನಿಂದ ನಾಲ್ಕು ಮಿಲಿಮೀಟರ್ ದಪ್ಪದ ಪಟ್ಟಿ ಮಾಡಿ ಕೈಯಿಂದ ಇಳಿಬಿಡಬೇಕು. ಹತ್ತು ಸೆಂಟಿಮೀಟರಿಗೆ ಮುಂಚೆಯೇ ತುಂಡಾದರೆ ಜೇಡಿ ಸಾಲದು, ಒಲೆ ಉದುರುತ್ತದೆ. ಇಪ್ಪತ್ತು ದಾಟಿದರೆ ಜೇಡಿ ಜಾಸ್ತಿ, ಒಣಗುವಾಗ ಸೀಳುತ್ತದೆ, ಮರಳು ಬೆರೆಸಬೇಕು. ಹದ ಬಂದ ಮಣ್ಣನ್ನು ಎರಡು ದಿನ ನೆನೆಯಲು ಬಿಟ್ಟು, ಕತ್ತರಿಸಿದ ಇಚು ಹುಲ್ಲು ಮತ್ತು ಕುದುರೆ ಲದ್ದಿ ಹಾಕಿ ತುಳಿಯಬೇಕು. ತುಳಿದಾಗ ರೊಟ್ಟಿ ಹಿಟ್ಟಿನ ಹಾಗೆ ಕೈಗೆ ಅಂಟದೆ ಕೂಡಿಕೊಳ್ಳಬೇಕು. ಬೇಗ ಮುಗಿಯಲೆಂದು ಹುಡುಗರು ನೀರು ಸುರಿದರೆ ಮೇಸ್ತ್ರಿ ತಡೆಯುತ್ತಿದ್ದ; ನೀರು ಹೆಚ್ಚಾದಷ್ಟೂ ಬಿರುಕು ಹೆಚ್ಚು.

ಒಲೆಯ ಎತ್ತರವನ್ನು ಮನೆಯೊಡತಿಯನ್ನು ನಿಲ್ಲಿಸಿಯೇ ಗುರುತು ಮಾಡಿದರು. ಕಟ್ಟೆಯ ಮೇಲೆ ಬೂದಿ ಹರಡಿ ಉರಿಗೂಡು, ಅದರೊಳಗೆ ಅರ್ಧ ಇಂಚಿನ ಕಬ್ಬಿಣದ ಸರಳು. ಕೆಳಗಿನಿಂದ ಗಾಳಿ ಬರುತ್ತದೆ, ಬೂದಿ ಕೆಳಗೆ ಬೀಳುತ್ತದೆ. ಒಲೆಯ ಬಾಯಿ ಒಂದು ಗೇಣಿಗಿಂತ ದೊಡ್ಡದಾಗಬಾರದು. ದೊಡ್ಡದಾದರೆ ಸೌದೆ ಜಾಸ್ತಿ ತುರುಕುತ್ತೇವೆ, ತಣ್ಣನೆ ಗಾಳಿ ನುಗ್ಗಿ ಉರಿ ಕುಗ್ಗುತ್ತದೆ. ಅಲ್ಲಿಂದ ಎರಡನೇ ಪಾತ್ರೆ ಕೂರುವ ಕೋಡೊಲೆಗೆ ಉರಿ ಹೋಗುವ ದಾರಿ ಸ್ವಲ್ಪ ಮೇಲೇರುತ್ತಾ ಹೋಗಬೇಕು.

ಪಾತ್ರೆ ಕೂರಿಸುವ ಗಳಿಗೆ ಇಡೀ ದಿನದ ಮುಖ್ಯ ಗಳಿಗೆ. ಒಬ್ಬ ಹುಡುಗ ಅಳತೆಪಟ್ಟಿ ಹಿಡಿದು ಅಚ್ಚುಕಟ್ಟಾದ ವೃತ್ತ ಗೀಚಿದ. ಮನೆಯೊಡತಿ ಒಳಗೆ ಹೋಗಿ ತಾನು ದಿನವೂ ಬಳಸುವ ಎರಡು ಅಲ್ಯುಮಿನಿಯಂ ಪಾತ್ರೆ ತಂದಳು. ಒಂದರ ತಳ ಒಂದು ಕಡೆ ನೆಗ್ಗಿತ್ತು. ಮೇಸ್ತ್ರಿ ಪಾತ್ರೆಗೆ ಹೊರಗೆ ನೀರು ಸವರಿ, ಹಸಿ ಮಣ್ಣಿನಲ್ಲಿ ಒತ್ತಿ, ಅರ್ಧ ಸುತ್ತು ತಿರುಗಿಸಿ ಮೇಲೆತ್ತಿದ. ಆ ನೆಗ್ಗಿನ ಅಚ್ಚು ಸಹ ಮಣ್ಣಿನಲ್ಲಿ ಮೂಡಿತ್ತು. ಪಾತ್ರೆಗೂ ಮಣ್ಣಿಗೂ ನಡುವೆ ಬೆರಳು ಹೋಗುವಷ್ಟು ಸಂದಿದ್ದರೂ ಹೊಗೆ ಚಿಮಣಿಗೆ ಹೋಗದೆ ಮನೆಗೇ ಬರುತ್ತದೆ. ಬೇರೆಲ್ಲೋ ಅಳೆದು ಮಾಡಿದ ಒಲೆಗಳು ಮೂಲೆ ಸೇರುವುದು ಇಂಥ ಕಾರಣಕ್ಕೆ.

ನಮ್ಮವರಿಗೆ ಇದು ಗೊತ್ತಿರುವ ವಿದ್ಯೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ, ಹಳ್ಳಿಗಳಿಗೆ ವಿಜ್ಞಾನ ತಂತ್ರಜ್ಞಾನ ಒಯ್ಯುವ ‘ಅಸ್ತ್ರ’ (ASTRA) ಕೇಂದ್ರದಿಂದ ಬಂದ ಮೂರು ಪಾತ್ರೆಯ ಅಸ್ತ್ರ ಒಲೆ ಕರ್ನಾಟಕದ ಹಳ್ಳಿಗಳಲ್ಲಿ ಪರಿಚಿತ. ಸರಳು, ಚಿಮಣಿ, ಪಾತ್ರೆಗೆ ತಕ್ಕ ಕಣ್ಣು, ಎಲ್ಲ ಅದೇ ತತ್ತ್ವ.

ಚಿಮಣಿ ನಾಲ್ಕಿಂಚಿನ ತಗಡಿನ ಕೊಳವೆ. ಹುಲ್ಲಿನ ಮಾಡನ್ನು ಹಾಯುವಲ್ಲಿ ಕೊಳವೆ ಹುಲ್ಲಿಗೆ ತಾಗಬಾರದು. ಸುತ್ತ ಅಗಲವಾದ ತಗಡು ಬಿಗಿದು ಮಣ್ಣು ಮೆತ್ತಬೇಕು. ಮಾಡಿನ ಮೇಲೆ ಕನಿಷ್ಠ ಅರ್ಧ ಮೀಟರ್ ಎದ್ದಿರಬೇಕು. ತಗ್ಗಾದರೆ ಮಧ್ಯಾಹ್ನ ಏಳುವ ಕಣಿವೆಯ ಗಾಳಿ ಹೊಗೆಯನ್ನು ವಾಪಸು ತಳ್ಳುತ್ತದೆ. ಮಾಡು ಹತ್ತುವ ಕೆಲಸ ಮೇಸ್ತ್ರಿಯದೇ, ಮಕ್ಕಳದಲ್ಲ.

ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಖಾರದ ಉಚುಕುತಾ ಚಟ್ನಿ. ಸೂಪಿನಲ್ಲಿ ಮಾಂಸದ ರಸ ಇರುತ್ತದೆ, ಸಸ್ಯಾಹಾರಿಗಳು ಹಿಂದಿನ ದಿನವೇ ಹೇಳಬೇಕು. ಹೈಸ್ಕೂಲಿನಲ್ಲಿ ಕಲಿತ ಸ್ಪ್ಯಾನಿಷ್ ಇಲ್ಲಿನ ಅಜ್ಜಿಯರ ಜೊತೆ ನಡೆಯದು, ಅವರದು ಕೆಚುವಾ. ಇನ್ನೊಂದು ಮಾತು: ಜೂನ್ ತಿಂಗಳು ಆಲೂಗಡ್ಡೆಯನ್ನು ಇರುಳ ಹಿಮಕ್ಕೆ ಹರಡಿ, ಹಗಲು ತುಳಿದು ನೀರು ತೆಗೆದು ಚುನ್ಯೊ ಒಣಗಿಸುವ ಕಾಲ. ಒಂದು ಮನೆಯವರು ನಮಗಾಗಿ ಇಡೀ ದಿನ ಕೊಟ್ಟರೆ ಅವರ ಆ ಕೆಲಸ ನಿಲ್ಲುತ್ತದೆ. ಇಲ್ಲಿ ಮುಯ್ಯಾಳು ಪದ್ಧತಿ ಈಗಲೂ ಇದೆ, ಐನಿ ಎನ್ನುತ್ತಾರೆ. ಆದ್ದರಿಂದ ಮಕ್ಕಳಲ್ಲಿ ಅರ್ಧದಷ್ಟು ಜನ ಸಂಜೆಯವರೆಗೂ ಆ ಮನೆಯ ಚುನ್ಯೊ ತುಳಿದರು. ಸೇವೆಯ ಗಂಟೆಗಳ ಪ್ರಮಾಣಪತ್ರದಲ್ಲಿ ಇದು ಸೇರದಿದ್ದರೂ ನನ್ನ ಲೆಕ್ಕದಲ್ಲಿ ಒಲೆಯಷ್ಟೇ ತೂಕದ ಕೆಲಸ.

ಒಲೆಯನ್ನು ಅವತ್ತೇ ಹೊತ್ತಿಸುವಂತಿಲ್ಲ. ಎರಡು ಮೂರು ವಾರ ಒಣಗಬೇಕು, ಆಮೇಲೂ ಮೊದಲು ಸಣ್ಣ ಉರಿ. ಫೋಟೊಗೆಂದು ಅವತ್ತೇ ಬೆಂಕಿ ಹಾಕಿದರೆ ಉರಿಗೂಡು ಬಿರಿಯುತ್ತದೆ. ಇನ್ನೊಂದು ತೊಡಕು ಚಳಿಯದು. ಹಳೆಯ ಬೆಂಕಿ ಹೊಗೆಯ ಜೊತೆಗೆ ಕಾವನ್ನೂ ಕೊಡುತ್ತಿತ್ತು. ಅಡುಗೆಮನೆಯ ನೆಲದಲ್ಲೇ ಓಡಾಡುವ ಕುಯಿಗಳಿಗೆ, ಅಂದರೆ ಸಾಕಿದ ಗಿನಿಪಿಗ್‌ಗಳಿಗೆ, ಅದೇ ಆಸರೆ. ದಪ್ಪ ಮಣ್ಣಿನ ಒಲೆ ಕಾವನ್ನು ಒಳಗೇ ಹಿಡಿದಿಡುವುದರಿಂದ ಕೆಲವು ಮನೆಗಳಲ್ಲಿ ರಾತ್ರಿ ಹಳೆಯ ಒಲೆಯೂ ಉರಿಯುತ್ತದೆ. ಅದನ್ನು ಅಜ್ಞಾನವೆಂದು ಮಕ್ಕಳಿಗೆ ಹೇಳಿಕೊಡಬೇಡಿ. ಚಳಿಗೆ ಅವರ ಬಳಿ ಇರುವ ಉಪಾಯ ಅದೊಂದೇ.

ಚಿಮಣಿಯಲ್ಲಿ ಇಲ್ಲಣ ಕಟ್ಟಿದರೆ ಹೊಗೆ ತಿರುಗಿ ಬರುತ್ತದೆ, ಸರಳು ಸವೆದು ಬಾಗುತ್ತವೆ. ದುಡ್ಡು ಕಟ್ಟುವ ಮೊದಲು ಸಂಘಟಕರನ್ನು ಕೇಳಬೇಕಾದ್ದು ಇದನ್ನೇ: ತಂಡ ಹೊರಟ ಮೇಲೆ ಯಾರು ಬರುತ್ತಾರೆ, ಸರಳು ತಗಡಿನ ಖರ್ಚು ಯಾರದು? ಇಲ್ಲಿ ಮೇಸ್ತ್ರಿ ಅದೇ ಕಣಿವೆಯವನು. ಮಳೆ ಹಿಡಿಯುವ ಮುಂಚೆ ಬಂದು ಕೊಳವೆ ಬಿಚ್ಚಿ ಒದರುವುದು, ಬಿರುಕಿಗೆ ಮಣ್ಣು ಮೆತ್ತುವುದು ಅವನ ಜವಾಬ್ದಾರಿ, ಅದರ ಕೂಲಿ ಮಕ್ಕಳು ಕಟ್ಟಿದ ಶುಲ್ಕದೊಳಗೇ ಸೇರಿತ್ತು.