ಕೆಲಸಕ್ಕೆ ಹಚ್ಚು, ಇಲ್ಲವೇ ಬದಿಗಿಡು

ಡಿಸೆಂಬರ್ 31ರ ರಾತ್ರಿ ಹನ್ನೆರಡಕ್ಕೆ ಸರಿಯಾಗಿ ಮುಂಬಯಿ ಬಂದರಿನಲ್ಲಿ ನಿಂತ ಹಡಗುಗಳು ಒಟ್ಟಿಗೆ ಭೋಂಗಾ ಊದುತ್ತವೆ. ಬೈಕುಲಾದ ನಮ್ಮ ಚರ್ಚಿನ ಕಿಟಕಿಗಳಿಗೆ ಆ ಸದ್ದು ಪೂರ್ವದ ಕಡೆಯಿಂದ ತೇಲಿ ಬರುತ್ತದೆ. ಹೊರಗೆ ಪಟಾಕಿ, ಮೋಟರ್ ಸೈಕಲ್ಲುಗಳ ಹಾರ್ನು, ಗಲ್ಲಿಯ ಹುಡುಗರ ಕೇಕೆ. ಒಳಗೆ ನಾವು ನೂರೋ ನೂರಿಪ್ಪತ್ತೋ ಜನ ಮೊಣಕಾಲೂರಿ ಕೂತಿರುತ್ತೇವೆ. ಸದ್ದು ಅಡಗಲಿ ಎಂದು ಪಾಸ್ಟರ್ ಕಾಯುವುದಿಲ್ಲ. ಭೋಂಗಾದ ನಡುವೆಯೇ ಒಡಂಬಡಿಕೆಯ ಪ್ರಾರ್ಥನೆ ಶುರುವಾಗುತ್ತದೆ. ಅವರು ಒಂದು ಸಾಲು ಹೇಳುತ್ತಾರೆ, ನಾವು ಹಿಂದೆ ಹೇಳುತ್ತೇವೆ.

ನಮ್ಮದು ಕನ್ನಡ ಮೆಥೋಡಿಸ್ಟ್ ಸಭೆ. ಕಟ್ಟಡ ನಮ್ಮೊಬ್ಬರದಲ್ಲ. ಬೆಳಿಗ್ಗೆ ಮರಾಠಿಯವರು, ಆಮೇಲೆ ಹಿಂದಿಯವರು, ಸಂಜೆ ನಾವು. ಭಾನುವಾರ ನಾವು ಒಳಗೆ ಹೋಗುವ ಹೊತ್ತಿಗೆ ಬೆಂಚಿನ ಮೇಲೆ ಬೇರೆ ಭಾಷೆಯ ಗೀತೆ ಪುಸ್ತಕಗಳು ಬಿದ್ದಿರುತ್ತವೆ, ನಮ್ಮ ಹೆಣ್ಣುಮಕ್ಕಳು ಅವನ್ನೆಲ್ಲ ಜೋಡಿಸಿಟ್ಟೇ ಕೂರುತ್ತಾರೆ. ಬೀದರ್, ಹುಮನಾಬಾದ್, ಭಾಲ್ಕಿ, ಕಲಬುರಗಿ, ಯಾದಗಿರಿ ಕಡೆಯಿಂದ ಗಿರಣಿಗೆ, ರೈಲ್ವೆಗೆ, ಬಂದರಿನ ಡಾಕಿಗೆ, ಆಸ್ಪತ್ರೆಗಳಿಗೆ ದುಡಿಯಲು ಬಂದವರ ಮಕ್ಕಳು, ಮೊಮ್ಮಕ್ಕಳು ನಾವು. ಮೊದಲು ಎಲ್ಲರೂ ನಡೆದು ಬರುವಷ್ಟು ಹತ್ತಿರ ಇದ್ದರು. ಈಗ ಕಲ್ಯಾಣ, ವಸಯಿ, ಪನವೇಲಿನಿಂದ ಬರುತ್ತಾರೆ. ವಾಚ್‌ನೈಟ್, ಅಂದರೆ ವರ್ಷದ ಕೊನೆಯ ರಾತ್ರಿಯ ಈ ಜಾಗರಣೆಯ ದಿನ ಮಾತ್ರ ಯಾರೂ ತಪ್ಪಿಸುವುದಿಲ್ಲ, ಆ ರಾತ್ರಿ ರೈಲ್ವೆಯವರು ತಡವಾಗಿ ಲೋಕಲ್ ಬಿಡುತ್ತಾರೆ ಎಂಬ ಧೈರ್ಯ ಎಲ್ಲರಿಗೂ ಇದೆ. ಪೇಟಿ, ತಬಲಾ, ತಾಳ. ಊರಿನ ಭಜನೆಯ ಧಾಟಿಯಲ್ಲೇ ಹಾಡು. ಬೀದರಿನ ಮಂಗಲಪೇಟೆಯ ದೊಡ್ಡ ಚರ್ಚಿನಲ್ಲಿ ಮದುವೆಯಾಗಿ ಬಂದ ಅಜ್ಜಿಯರು ಇನ್ನೂ ಆ ಧಾಟಿ ಬಿಟ್ಟುಕೊಟ್ಟಿಲ್ಲ.

ಒಡಂಬಡಿಕೆಯ ಮಾತುಗಳು ಹೀಗಿವೆ. ನಮ್ಮ ಬಾಯಲ್ಲಿ ಅವು ಹೇಗೆ ಕೂತಿವೆಯೋ ಹಾಗೆ ಬರೆಯುತ್ತೇನೆ: ನಾನು ಇನ್ನು ನನ್ನವಳಲ್ಲ, ನಿನ್ನವಳು. ನಿನ್ನ ಮನಸ್ಸಿಗೆ ಬಂದಲ್ಲಿ ನನ್ನನ್ನು ನಿಲ್ಲಿಸು, ನಿನಗೆ ಬೇಕಾದವರ ಸಾಲಿನಲ್ಲಿ ಸೇರಿಸು. ಕೆಲಸಕ್ಕೆ ಹಚ್ಚು, ಕಷ್ಟಕ್ಕೆ ಒಡ್ಡು. ನಿನಗಾಗಿ ದುಡಿಯುವಂತಾಗಲಿ, ಇಲ್ಲವೇ ನಿನಗಾಗಿ ಬದಿಗಿಟ್ಟವಳಾಗಿರಲಿ. ತುಂಬಿದರೂ ಸರಿ, ಬರಿದಾದರೂ ಸರಿ.

ಮೆಥೋಡಿಸ್ಟ್ ಪಂಥವನ್ನು ಹುಟ್ಟುಹಾಕಿದ ಜಾನ್ ವೆಸ್ಲಿಯವರು ಈ ಬಗೆಯ ಆರಾಧನೆಯನ್ನು ಮೊದಲು ನಡೆಸಿದ್ದು 1755ರ ಆಗಸ್ಟ್ 11ರಂದು, ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿದ್ದ ಫ್ರೆಂಚರ ಚರ್ಚಿನಲ್ಲಿ. ಸುಮಾರು 1800 ಜನ ಎದ್ದು ನಿಂತು ಒಪ್ಪಿಗೆ ಕೊಟ್ಟರಂತೆ. ಪ್ರಾರ್ಥನೆಯ ಮೂಲ ಅವರಿಗಿಂತ ನೂರು ವರ್ಷ ಹಿಂದಿನ ಪ್ಯೂರಿಟನ್ ಬೋಧಕ ರಿಚರ್ಡ್ ಆಲೀನ್ ಅವರದು, ಇಂದಿನ ರೂಪ ಮುಂದಿನ ತಲೆಮಾರುಗಳು ತಿದ್ದಿದ್ದು. ನನಗೆ ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಹತ್ತಿರವಾದದ್ದು ಆ ಜಾಗ. ಸ್ಪಿಟಲ್‌ಫೀಲ್ಡ್ಸ್ ಎಂದರೆ ರೇಷ್ಮೆ ನೇಕಾರರ ಕೇರಿ. ತಮ್ಮ ನಂಬಿಕೆಯ ಸಲುವಾಗಿ ಫ್ರಾನ್ಸ್ ಬಿಟ್ಟು ಬಂದವರು ಅಲ್ಲಿ ಮಗ್ಗ ಹಾಕಿಕೊಂಡಿದ್ದರು. ಕೆಲಸಕ್ಕೆ ಹಚ್ಚು ಎಂಬ ಬೇಡಿಕೆಗೆ ಅಷ್ಟೊಂದು ಜನ ಮೊದಲ ಸಲ ಎದ್ದು ನಿಂತದ್ದು ಮಗ್ಗಗಳ ಕೇರಿಯಲ್ಲಿ. ಜಾಗರಣೆಯದೂ ಹಾಗೆಯೇ. ಬ್ರಿಸ್ಟಲ್ ಹತ್ತಿರದ ಕಿಂಗ್ಸ್‌ವುಡ್‌ನ ಕಲ್ಲಿದ್ದಲು ಗಣಿಯವರು, ಹಿಂದೆ ಹೆಂಡದಂಗಡಿಯಲ್ಲಿ ಕಳೆಯುತ್ತಿದ್ದ ರಾತ್ರಿಯನ್ನು ಪ್ರಾರ್ಥನೆಯಲ್ಲಿ ಕಳೆಯಲು ಶುರು ಮಾಡಿದರು. ವೆಸ್ಲಿ ಅದನ್ನು ಹುಣ್ಣಿಮೆಗೆ ಹತ್ತಿರದ ಶುಕ್ರವಾರಗಳಿಗೆ ಗೊತ್ತು ಮಾಡಿದರು, ಬಡವರು ಬೆಳದಿಂಗಳಲ್ಲಿ ಮನೆ ಮುಟ್ಟಲಿ ಎಂದು. ನಮಗೆ ತಡರಾತ್ರಿಯ ಲೋಕಲ್ ಹೇಗೋ ಅವರಿಗೆ ಆ ಬೆಳದಿಂಗಳು.

ನನ್ನ ಅಪ್ಪ ನೇಕಾರ. ಕೈಮಗ್ಗದವರಲ್ಲ, ಲಾಲಬಾಗಿನ ಒಂದು ಗಿರಣಿಯ ಸಾಂಚಾ, ಅಂದರೆ ಯಂತ್ರಮಗ್ಗದ ಮೇಲೆ ದುಡಿದವರು. ಹುಮನಾಬಾದಿನಿಂದ ಸೊಲ್ಲಾಪುರಕ್ಕೆ ಬಸ್ಸು, ಅಲ್ಲಿಂದ ರೈಲು ಹಿಡಿದು ಬಂದಾಗ ಅವರಿಗೆ ಹತ್ತೊಂಬತ್ತು ವರ್ಷ. ಬಂದ ಹೊಸತರಲ್ಲಿ ಬದಲಿ. ಗಿರಣಿ ನಗರದ ಹೊರಗಿನವರಿಗೆ ಈ ಮಾತು ಬಿಡಿಸಿ ಹೇಳಬೇಕು. ಬೆಳಿಗ್ಗೆ ಪಾಳಿ ಶುರುವಾಗುವ ಮೊದಲು ಗೇಟಿನ ಹತ್ತಿರ ಹೋಗಿ ನಿಲ್ಲಬೇಕು. ಖಾಯಂ ಕೆಲಸಗಾರ ಯಾರಾದರೂ ಬಾರದಿದ್ದರೆ ಅವನ ಜಾಗಕ್ಕೆ ಇವನನ್ನು ಕರೆಯುತ್ತಾರೆ. ಎಲ್ಲರೂ ಬಂದರೆ ಆ ದಿನ ಕೂಲಿ ಇಲ್ಲ. ಅಪ್ಪ ಎಂಟು ವರ್ಷ ಬದಲಿಯಾಗಿದ್ದರು.

ಊರಲ್ಲಿ ಅಜ್ಜಿ ಅದಕ್ಕಾಗಿ ಹರಕೆ ಹೊತ್ತಿದ್ದಳು. ವಿಕಾರಾಬಾದ್ ಹತ್ತಿರದ ಧಾರೂರಿನಲ್ಲಿ ನವೆಂಬರಿನಲ್ಲಿ ಮೆಥೋಡಿಸ್ಟ್ ಜಾತ್ರೆ ನಡೆಯುತ್ತದೆ. ತೆಲುಗಿನವರೇ ಹೆಚ್ಚು, ಆದರೆ ಗಡಿಯ ಈಚೆಯಿಂದಲೂ ಜನ ಹೋಗುತ್ತಾರೆ, ಡೇರೆ ಹಾಕಿಕೊಂಡು ಇರುತ್ತಾರೆ. ಮಗನ ಕೆಲಸ ಖಾಯಂ ಆದರೆ ಅಲ್ಲಿಗೆ ಬರುತ್ತೇನೆ ಎಂದು ಅಜ್ಜಿಯ ಮಾತು. ಆಯಿತು, ಹೋದಳು, ಕಾಣಿಕೆ ಹಾಕಿ ಬಂದಳು. ಅಜ್ಜಿಯ ಹರಕೆಯನ್ನು ನಾನು ಎಂದೂ ಹಗುರ ಮಾಡಲಾರೆ. ಎಂಟು ವರ್ಷ ಆಕೆ ಒಬ್ಬಳೇ ದೇವರ ಬಾಗಿಲಲ್ಲಿ ಬದಲಿಯಂತೆ ನಿಂತಿದ್ದಳು. ಆದರೂ ಆ ಹರಕೆಯಲ್ಲಿ ಒಂದು 'ಆದರೆ' ಇತ್ತು. ವರ್ಷದ ಕೊನೆಯ ರಾತ್ರಿ ನಾವು ಹೇಳುವುದರಲ್ಲಿ ಅದು ಇಲ್ಲ. ಕೆಲಸ ಸಿಕ್ಕರೆ ನಿನ್ನವನು ಎಂದು ಅಲ್ಲಿ ಎಲ್ಲೂ ಬರುವುದಿಲ್ಲ.

1982ರ ಜನವರಿ 18ರಂದು ಗಿರಣಿಗಳ ಮುಷ್ಕರ ಶುರುವಾಯಿತು. ಎರಡೂವರೆ ಲಕ್ಷದಷ್ಟು ಕೆಲಸಗಾರರು. ಮುಷ್ಕರದ ಮುಂದಾಳು ದತ್ತಾ ಸಾಮಂತ್ ಅವರ ಹೆಸರು ಆ ವರ್ಷ ನಮ್ಮ ಚಾಳಿನ ಮಕ್ಕಳ ಬಾಯಲ್ಲೂ ಇತ್ತು. ಎರಡು ತಿಂಗಳು, ಮೂರು ತಿಂಗಳು ಎಂದುಕೊಂಡವರು ದೀಪಾವಳಿ ಕಂಡರು, ಕ್ರಿಸ್‌ಮಸ್ ಕಂಡರು. ಗಿರಣಿಯ ಭೋಂಗಾ ನಿಂತುಹೋಗಿತ್ತು. ಅದರ ಸದ್ದಿಗೆ ಏಳುತ್ತಿದ್ದ ಅವ್ವ ಸದ್ದಿಲ್ಲದೆಯೂ ನಾಲ್ಕಕ್ಕೆ ಏಳುತ್ತಿದ್ದಳು, ಎದ್ದು ಏನು ಮಾಡಬೇಕು ತಿಳಿಯದೆ ಸತ್ಯವೇದ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ನನಗಾಗ ಹದಿನಾರು.

ಆ ವರ್ಷದ ವಾಚ್‌ನೈಟ್ ನನಗೆ ಅಕ್ಷರಶಃ ನೆನಪಿದೆ. ನಾವು ಬಲಗಡೆಯ ಮೂರನೆಯ ಬೆಂಚಿನ ಹತ್ತಿರ ಇದ್ದೆವು. ಪಾಸ್ಟರ್ ಹೇಳುತ್ತ ಬಂದರು, ಅಪ್ಪನ ದನಿ ನನ್ನ ಪಕ್ಕದಲ್ಲಿ ಕೇಳುತ್ತಿತ್ತು. ಕೆಲಸಕ್ಕೆ ಹಚ್ಚು ಎಂದರು. ಕಷ್ಟಕ್ಕೆ ಒಡ್ಡು ಎಂದರು. ನಿನಗಾಗಿ ಬದಿಗಿಟ್ಟವನಾಗಿರಲಿ ಎಂಬಲ್ಲಿ ಅಪ್ಪ ಹೇಳಲಿಲ್ಲ. ನಾನು ಕಣ್ಣು ತೆರೆದು ನೋಡಿದೆ. ತುಟಿ ಬಿಗಿದಿತ್ತು. ಆ ಕಡೆಯಿಂದ ಅವ್ವನ ದನಿ ಆ ಒಂದು ಸಾಲನ್ನು ಎರಡು ಸಲ ಹೇಳಿತು, ಸಭೆ ಮುಂದಿನ ಸಾಲಿಗೆ ಹೋದಮೇಲೂ.

ಮರುದಿನ ಅಡುಗೆ ಮನೆಯ ಮೂಲೆಯಲ್ಲಿ ಕೇಳಿದೆ. ಅವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು: "ಒಂದು ನಂದು, ಒಂದು ನಿಮ್ಮಪ್ಪಂದು. ಅವರಿಗಿ ಬರಾಕ ಆಗಲಿಲ್ಲ. ನಾ ಬದಲಿ ಹೋದೆ."

ಆ ದಿನಗಳಲ್ಲಿ ನಾವು ಉಣ್ಣುತ್ತಿದ್ದದ್ದರಲ್ಲಿ ಒಂದು ಭಾಗ ಸಭೆಯ ಹಿಡಿ ಅಕ್ಕಿ. ಅಡುಗೆಗೆ ಅಳೆದುಕೊಂಡ ಅಕ್ಕಿಯಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುವುದು, ವಾರಕ್ಕೊಮ್ಮೆ ಅದನ್ನು ಚರ್ಚಿಗೆ ತರುವುದು ನಮ್ಮ ಹೆಣ್ಣುಮಕ್ಕಳ ಹಳೆಯ ಪದ್ಧತಿ. ಜೋಳದ ಮನೆಗಳವರು ಜೋಳದ ಹಿಟ್ಟು ಹಾಕುತ್ತಿದ್ದರು. ಬೇರೆ ವರ್ಷ ಅದನ್ನು ಮಾರಿ ಹಣ ಕಾಣಿಕೆಗೆ ಸೇರಿಸುತ್ತಿದ್ದರು. 1982ರಲ್ಲಿ ಮಾರಲಿಲ್ಲ. ರೈಲ್ವೆಯವರ, ಆಸ್ಪತ್ರೆಯವರ ಮನೆಗಳ ಅಕ್ಕಿ ಗಿರಣಿಯವರ ಮನೆಗಳಿಗೆ ಬಂತು. ಬಂದ ಅಕ್ಕಿಯಿಂದಲೂ ಅವ್ವ ಒಂದು ಹಿಡಿ ತೆಗೆದಿಡುತ್ತಿದ್ದಳು. ತಮ್ಮ ಸಿಟ್ಟಾಗಿ, "ಅವರು ಕೊಟ್ಟಿದ್ದ ಅವರಿಗೇ ಕೊಡೂದೇನು?" ಎಂದು ಕೇಳಿದ. ಅವ್ವ ಡಬ್ಬಿಯ ಮುಚ್ಚಳ ಹಾಕಿದಳು, ಅಷ್ಟೇ.

ದೊಡ್ಡವಳಾದ ಮೇಲೆ ತಿಳಿಯಿತು, ಮೆಥೋಡಿಸ್ಟರ ಮನೆಕೂಟಗಳು ಹುಟ್ಟಿದ್ದೇ ಇಂಥದೊಂದು ಡಬ್ಬಿಯಿಂದ. 1742ರಲ್ಲಿ ಬ್ರಿಸ್ಟಲ್ಲಿನ ಆರಾಧನಾ ಮನೆಯ ಸಾಲ ತೀರಿಸುವ ಮಾತು ಬಂದಾಗ, ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡೋಣ ಎಂದು ಒಬ್ಬರು ಹೇಳಿದರು. ಅಷ್ಟೂ ಇಲ್ಲದ ಬಡವರಿದ್ದಾರಲ್ಲ ಎಂದು ಇನ್ನೊಬ್ಬರು. ಆಗ ಕ್ಯಾಪ್ಟನ್ ಫಾಯ್ ಎಂಬುವರು, ತೀರ ಬಡವರಾದ ಹನ್ನೊಂದು ಜನರನ್ನು ನನ್ನ ಪಾಲಿಗೆ ಹಾಕಿ, ಕೊಡಲಾಗದವರದ್ದು ನಾನು ತುಂಬುತ್ತೇನೆ ಎಂದರು. ಹೀಗೆ ಹನ್ನೆರಡು ಹನ್ನೆರಡು ಜನರ ಗುಂಪುಗಳಾದವು, ಹಣಕ್ಕಾಗಿ ವಾರವಾರ ಮನೆಗೆ ಹೋದವರು ಸುಖದುಃಖ ಕೇಳಿ ಬರತೊಡಗಿದರು. 1871ರಲ್ಲಿ ಅಮೆರಿಕೆಯ ಮೆಥೋಡಿಸ್ಟ್ ಬೋಧಕ ವಿಲಿಯಂ ಟೇಲರ್ ಮುಂಬಯಿಗೆ ಬಂದಾಗಲೂ ಮೊದಲು ಕಟ್ಟಿದ್ದು ಮನೆಗಳಲ್ಲಿ ಸೇರುವ ಇಂಥ ಚಿಕ್ಕ ಕೂಟಗಳನ್ನೇ. ನಮ್ಮ ಗುರುವಾರದ ಮನೆಪ್ರಾರ್ಥನೆ ಅದೇ ಬಳ್ಳಿಯ ಕುಡಿ. ಹತ್ತು ಅಡಿ ಖೋಲಿಯಲ್ಲಿ ಇಪ್ಪತ್ತು ಜನ, ಬಾಗಿಲಾಚೆ ಚಪ್ಪಲಿಗಳ ರಾಶಿ, ಪಕ್ಕದ ಮನೆಯ ಮರಾಠಿ ಆಯಿ ಕೊಟ್ಟು ಕಳಿಸಿದ ಚಹದ ಕೆಟಲಿ.

ಮುಷ್ಕರದ ಎರಡನೆಯ ವರ್ಷ ಸಭೆಯ ಹಿರಿಯರು ಅಕ್ಕಿ ಹಂಚುವ ಕೆಲಸವನ್ನು ಅಪ್ಪನಿಗೆ ಒಪ್ಪಿಸಿದರು. ಕೈಯಲ್ಲಿ ಕೆಲಸವಿಲ್ಲದವನು, ಪುರುಸೊತ್ತಿದೆ, ಅಷ್ಟೇ ಕಾರಣ. ಅಪ್ಪ ಚೀಲ ಹೆಗಲಿಗೆ ಹಾಕಿಕೊಂಡು ಲಾಲಬಾಗ್, ಪರೇಲ್, ಶಿವಡಿ ನಡೆದೇ ತಿರುಗುತ್ತಿದ್ದರು. ಯಾರ ಮನೆಯಲ್ಲಿ ಹುಡುಗನಿಗೆ ಜ್ವರ, ಯಾರು ಊರಿಗೆ ಹೊರಟು ನಿಂತಿದ್ದಾರೆ, ಯಾರು ಮಾತು ಬಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ, ಎಲ್ಲ ಬಂದು ಅವ್ವನಿಗೆ ಹೇಳುತ್ತಿದ್ದರು. ಗೋಡೆ ಕಡೆ ತಿರುಗಿದವರ ಹತ್ತಿರ ತಾಸುಗಟ್ಟಲೆ ಸುಮ್ಮನೆ ಕೂತು ಬರುತ್ತಿದ್ದರಂತೆ. ಅವರ ಪರಿ ಅಪ್ಪನಿಗೆ ಗೊತ್ತಿತ್ತು.

ಆ ಸುಮಾರಿಗೆ ಒಂದು ರವಿವಾರ ನಮ್ಮನ್ನು ಗೇಟ್‌ವೇ ಹತ್ತಿರ ಅಪೊಲೊ ಬಂದರಿಗೆ ಕರೆದುಕೊಂಡು ಹೋದರು. ಅಲ್ಲಿ ಬೋವೆನ್ ಮೆಮೋರಿಯಲ್ ಚರ್ಚು ಇದೆ. ಜಾರ್ಜ್ ಬೋವೆನ್ 1848ರಲ್ಲಿ ಅಮೆರಿಕೆಯಿಂದ ಮುಂಬಯಿಗೆ ಬಂದ ಮಿಷನರಿ. ಬಂದ ಸ್ವಲ್ಪ ಕಾಲಕ್ಕೇ ಮಿಷನ್ ಸಂಬಳ ಬೇಡವೆಂದು ಬಿಟ್ಟರು, ಬಡವರ ನಡುವೆ ಚಿಕ್ಕ ಮನೆ ಹಿಡಿದರು, 1888ರಲ್ಲಿ ತೀರಿಕೊಳ್ಳುವವರೆಗೆ ಹಾಗೆಯೇ ಬಾಳಿದರು. ತಮ್ಮ ಇದನ್ನೆಲ್ಲ ಕೇಳಿ, "ಅವರಿಗೂ ಪಗಾರ ಇರಲಿಲ್ಲ, ನಿಮಗೂ ಇಲ್ಲ" ಎಂದುಬಿಟ್ಟ. ಅಪ್ಪ ಸಮುದ್ರದ ಕಡೆ ನೋಡುತ್ತ ನಿಂತರು. "ಅವರು ತಾವಾಗಿ ಬಿಟ್ಟರಪಾ. ನಮ್ಮದು ಕಸಗೊಂಡಾರ. ಎರಡೂ ಒಂದ ಆಗ್ತಾವೇನು?"

ಈ ಪ್ರಶ್ನೆಗೆ ನನ್ನ ಹತ್ತಿರ ಇಂದಿಗೂ ಉತ್ತರವಿಲ್ಲ. ಯಾರೋ ಮಾಡಿದ ಅನ್ಯಾಯವನ್ನು ದೇವರ ಚಿತ್ತ ಎಂದು ಕರೆದು ಬಡವನ ಬಾಯಿ ಮುಚ್ಚಿಸುವುದು ಪಾಪ. ಒಡಂಬಡಿಕೆಯ ಸಾಲನ್ನು ಹಾಗೆ ಬಳಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದರಲ್ಲಿ 'ನಿನಗಾಗಿ' ಎಂಬ ಮಾತಿದೆ. ಗಿರಣಿ ಮಾಲಕನಿಗಾಗಿ ಬದಿಗಿಡು ಎಂದು ಯಾರೂ ಪ್ರಾರ್ಥಿಸಿಲ್ಲ. ಅಪ್ಪ ಆ ವ್ಯತ್ಯಾಸವನ್ನು ಎಲ್ಲಿ ಕಂಡುಕೊಂಡರೋ, ಆ ಚೀಲ ಹೊತ್ತ ದಾರಿಯಲ್ಲೇ ಇರಬೇಕು. 1983ರ ಡಿಸೆಂಬರ್ 31ರ ರಾತ್ರಿ ಆ ಸಾಲು ಬಂದಾಗ ಅವರು ಹೇಳಿದರು. ಗಟ್ಟಿಯಾಗಿ ಅಲ್ಲ. ಅವ್ವ ಆ ಸಲ ಒಂದೇ ಸಲ ಹೇಳಿದಳು.

ಮುಷ್ಕರವನ್ನು ಅಧಿಕೃತವಾಗಿ ಯಾರೂ ಹಿಂತೆಗೆದುಕೊಳ್ಳಲೇ ಇಲ್ಲ. ಅಪ್ಪ ಮತ್ತೆ ಗಿರಣಿಯೊಳಗೆ ಕಾಲಿಡಲಿಲ್ಲ. ಒಂದು ಕಟ್ಟಡದ ವಾಚ್‌ಮನ್ ಆಗಿ ದುಡಿದರು, ಅಕ್ಕಿಯ ಚೀಲವನ್ನು ಮಾತ್ರ ಕೊನೆಯವರೆಗೆ ಬಿಡಲಿಲ್ಲ. ಅವರು ಹೋಗಿ ಹದಿನಾಲ್ಕು ವರ್ಷ.

ನಾನು ನರ್ಸ್ ಆದೆ. ಮೂವತ್ತನಾಲ್ಕು ವರ್ಷ ಮಹಾನಗರಪಾಲಿಕೆಯ ಆಸ್ಪತ್ರೆಯಲ್ಲಿ. ಹಲವು ವರ್ಷ ವಾಚ್‌ನೈಟ್‌ಗೆ ರಾತ್ರಿಪಾಳಿ ಬಿದ್ದು, ವಾರ್ಡಿನ ಕಾರಿಡಾರಿನಲ್ಲಿ ನಿಂತು ಹಡಗುಗಳ ಭೋಂಗಾ ಕೇಳಿ ಮನಸ್ಸಿನಲ್ಲೇ ಆ ಸಾಲುಗಳನ್ನು ಹೇಳಿಕೊಂಡಿದ್ದೇನೆ. ಆಗ ಕೆಲಸಕ್ಕೆ ಹಚ್ಚು ಎಂಬುದೇ ನನ್ನ ಸಾಲು. ಕೈತುಂಬ ಕೆಲಸವಿತ್ತು, ಮಿಕ್ಕಿದ್ದು ಬಾಯಿಪಾಠ. ಕಳೆದ ವರ್ಷ ನಿವೃತ್ತಿಯಾಯಿತು. ಬೆಳಿಗ್ಗೆ ಐದಕ್ಕೆ ಎಚ್ಚರವಾಗುತ್ತದೆ, ಕರೆಯುವವರಿಲ್ಲ.

ಈ ಸಲ ಅವ್ವನನ್ನು ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋದೆ. ಅವಳಿಗೆ 82. ಕಿವಿ ಮಂದ, ಮೊಣಕಾಲೂರಲು ಆಗುವುದಿಲ್ಲ, ಬೆಂಚಿನ ತುದಿಗೆ ಕೂತು ತಲೆಯ ಮೇಲೆ ಸೆರಗು ಹೊದ್ದುಕೊಂಡಳು. ನಾನು ಅವಳ ಕಾಲ ಹತ್ತಿರ. ಗಡಿಯಾರ ಹನ್ನೆರಡು ಬಾರಿಸಿತು, ಪೂರ್ವದಿಂದ ಭೋಂಗಾ ಬಂತು, ಪಾಸ್ಟರ್ ಶುರು ಮಾಡಿದರು. ನಾನು ಇನ್ನು ನನ್ನವಳಲ್ಲ. ಹೇಳಿದೆ. ಕೆಲಸಕ್ಕೆ ಹಚ್ಚು. ಹೇಳಿದೆ. ಬದಿಗಿಟ್ಟವಳಾಗಿರಲಿ ಎಂಬಲ್ಲಿಗೆ ಬಂದಾಗ ಗಂಟಲು ಕಟ್ಟಿತು. ಸಭೆ ಅದನ್ನು ಹೇಳಿ ಮುಂದೆ ಹೋಯಿತು. ತುಂಬಿದರೂ ಸರಿ, ಬರಿದಾದರೂ ಸರಿ ಎಂದು ಎಲ್ಲರೂ ಅನ್ನುತ್ತಿದ್ದಾಗ ನನ್ನ ತಲೆಯ ಮೇಲೆ ಒಂದು ಕೈ ಬಂತು. ಮೇಲಿನಿಂದ ಅವ್ವನ ದನಿ, ಸಭೆಗಿಂತ ಒಂದು ಸಾಲು ಹಿಂದೆ, ಬದಿಗಿಟ್ಟವಳಾಗಿರಲಿ ಎಂದಿತು. ಸ್ವಲ್ಪ ತಡೆದು, ಇನ್ನೊಮ್ಮೆ ಎಂದಿತು.