ಬೇಲೀಫ್ ಮನೆಯ 1:24 ಮಾದರಿ: ಚೌಕಟ್ಟು ನಿಂತಿದೆ, ತಡಿಕೆ ಹೆಣಿಗೆ ನಡೆದಿದೆ

ಇಂಗ್ಲೆಂಡಿನ ಕೆಂಟ್‌ನ ಚಿಡಿಂಗ್‌ಸ್ಟೋನ್‌ನಲ್ಲಿದ್ದ ಈ ರೈತನ ಮನೆ ಬಹುಪಾಲು 15ನೇ ಶತಮಾನದ ಆರಂಭದ್ದು. ಒಂದು ತುದಿಯ ಕೋಣೆಗಳು 16ನೇ ಶತಮಾನದ ಆರಂಭದಲ್ಲಿ ಸೇರಿಕೊಂಡವು. ಬೌ ಬೀಚ್ ಜಲಾಶಯಕ್ಕೆ ಜಾಗ ಬಿಡಬೇಕಾಗಿ ಬಂದಾಗ, 1960ರ ದಶಕದ ಕೊನೆಯಲ್ಲಿ, ಮನೆಯನ್ನು ಬಿಚ್ಚಿದರು. ಪಶ್ಚಿಮ ಸಸೆಕ್ಸ್‌ನ ಸಿಂಗಲ್ಟನ್‌ನಲ್ಲಿರುವ ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ಸಂಗ್ರಹಾಲಯದಲ್ಲಿ ಮತ್ತೆ ನಿಲ್ಲಿಸಿದರು. ಕೂಡುಗಳೆಲ್ಲ ಮರದ ಗೂಟದವಾದ್ದರಿಂದಲೇ ಹೀಗೆ ಬಿಚ್ಚಿ ಕಟ್ಟಲು ಬಂತು. ಅದಕ್ಕೇ ಮಾದರಿಯ ಚೌಕಟ್ಟಿಗೂ ಅಂಟು ಮುಟ್ಟಿಸಿಲ್ಲ.

ಓಕ್ ಮರದ ಎಳೆ ಈ ಅಳತೆಗೆ ಒರಟು. ಚನ್ನಪಟ್ಟಣದ ಬೊಂಬೆಗೆ ಬಳಸುವ ಆಲೆ ಮರ ನಯವಾಗಿ ಸೀಳುತ್ತದೆ, ಅದನ್ನೇ ಹಿಡಿದದ್ದು. ಮುಖ್ಯ ಕಂಬ 9 ಮಿ.ಮೀ. ಚೌಕ (ನಿಜದ ಅಳತೆಗೆ 216), ಪಕಾಸು (ಚಾವಣಿಯ ಇಳಿಜಾರು ಮರ) 5×4 ಮಿ.ಮೀ. ಗೂಟಕ್ಕೆ 1 ಮಿ.ಮೀ.ಗೆ ಹೆರೆದ ಬಿದಿರು ಕಡ್ಡಿ.

ಹೆಚ್ಚು ಹೊತ್ತು ಹಿಡಿದದ್ದು ಕಂಬದ ತಲೆ. ಅಲ್ಲಿ ಮೂರು ಮರ ಒಂದೇ ಕಡೆ ಸೇರುತ್ತವೆ: ಕಂಬ, ಅದರ ಮೇಲೆ ಸೂರಿನ ತೊಲೆ, ಅದರ ಮೇಲೆ ಅಡ್ಡತೊಲೆ. ಎರಡೂ ತೊಲೆಗೆ ಒಂದೊಂದು ನಾಲಿಗೆ (ತೊಲೆಯ ತೂತಿಗೆ ಹೊಗುವ ಕಂಬದ ಚಾಚು) ಬಿಡಲು ಜಾಗ ಬೇಕು, ಹಾಗಾಗಿ ಕಂಬದ ತಲೆ ಒಳಮುಖವಾಗಿ ದಪ್ಪಗಾಗುತ್ತದೆ. ಬಡಗಿಗಳು ಇದಕ್ಕಾಗಿ ಮರವನ್ನು ಬುಡಮೇಲು ಮಾಡಿ ನಿಲ್ಲಿಸುತ್ತಿದ್ದರು, ಬುಡದ ದಪ್ಪ ತಲೆಗೆ ಬರಲೆಂದು. ಎಷ್ಟು ನೋಡಿದರೂ ತೃಪ್ತಿಯಾಗದ ಜಾಣ್ಮೆ ಇದು! ಅಡ್ಡತೊಲೆಯ ಅಡಿಯಲ್ಲಿ ಕೊರೆದ ಡವ್‌ಟೇಲ್ (ಪಾರಿವಾಳದ ಬಾಲದಂತೆ ಅಗಲವಾಗುವ ಕೂಡು) ಸೂರಿನ ತೊಲೆಯ ಮೇಲೆ ಕೂತು, ಪಕಾಸುಗಳು ಅದನ್ನು ಹೊರಗೆ ತಳ್ಳದಂತೆ ಹಿಡಿಯುತ್ತದೆ. ಡವ್‌ಟೇಲ್ ಕೂದಲೆಳೆಯಷ್ಟು ಸಡಿಲವಾದರೂ ಚಾವಣಿಯ ಭಾರ ಬಿದ್ದ ಕೂಡಲೇ ಸೂರು ಹೊರಗೆ ಜರುಗುತ್ತದೆ. ಮೊದಲ ಎರಡು ಅಡ್ಡತೊಲೆ ಹೀಗೇ ಬಿಸಾಡಬೇಕಾಯಿತು.

ಗೂಟದ ತೂತುಗಳನ್ನು ನೇರಕ್ಕೆ ಕೊರೆಯಬಾರದು. ನಾಲಿಗೆಯ ತೂತು ಅದರ ಬುಡದ ಕಡೆಗೆ 0.2 ಮಿ.ಮೀ. ಸರಿದಿದ್ದರೆ, ಮೊನಚು ಗೂಟ ಬಡಿದಂತೆ ಕೂಡು ತಾನಾಗಿ ಬಿಗಿದುಕೊಳ್ಳುತ್ತದೆ. 0.4 ದಾಟಿದರೆ ನಾಲಿಗೆಯೇ ಸೀಳುತ್ತದೆ. ನಿಜವಾದ ಓಕ್‌ನಲ್ಲಿ ತೂತು ಹೀಗೆ ಸರಿಯುವುದು ಸುಮಾರು 3 ಮಿ.ಮೀ.

ಚಾವಣಿಗೆ ನೆತ್ತಿಯ ತೊಲೆ ಇಲ್ಲ. ಅಡ್ಡತೊಲೆಯ ನಡುವೆ ನಿಂತ ಕ್ರೌನ್ ಪೋಸ್ಟ್ ಎಂಬ ಗಿಡ್ಡ ಕಂಬ ಒಂದು ಉದ್ದತೊಲೆಯನ್ನು ಹೊರುತ್ತದೆ. ಜೋಡಿ ಪಕಾಸುಗಳನ್ನು ಕಟ್ಟಿದ ಅಡ್ಡಪಟ್ಟಿಗಳು ಅದರ ಮೇಲೆ ಕೂರುತ್ತವೆ. ಉದ್ದತೊಲೆ ಕೂರಿಸುವ ಮೊದಲೇ ಪಕಾಸು ನಿಲ್ಲಿಸಿದರೆ ಒಂದನ್ನೊಂದು ದೂಡಿಕೊಂಡು ಸಾಲಾಗಿ ಒರಗುತ್ತವೆ.

ಮುಂಭಾಗದಲ್ಲಿ ಎರಡು ತುದಿಯ ಮಹಡಿಗಳು ಹೊರಚಾಚಿವೆ, ನಡುಮನೆಯ ಗೋಡೆ ಹಿಂದಿದೆ, ಸೂರು ಮಾತ್ರ ಒಂದೇ ಗೆರೆ. ನಡುವೆ ಗೋಡೆಯಿಲ್ಲದೆ ಹಾಯುವ ಸೂರಿನ ತೊಲೆಯನ್ನು ಬಾಗಿದ ಆನಿಕೆಗಳು ಹೊರುತ್ತವೆ. ಆನಿಕೆಯನ್ನು ನೇರ ಹಲಗೆಯಿಂದ ಬಾಗಿಸಿ ಕತ್ತರಿಸಿದರೆ ಎಳೆ ಅಡ್ಡಬಂದು ಮುರಿಯುತ್ತದೆ. ಬಾಗಿ ಬೆಳೆದ ಕೊಂಬೆಯನ್ನೇ ಸೀಳಬೇಕು.

ತಡಿಕೆ: 22ರಲ್ಲಿ 9 ಮುಗಿದಿವೆ. ಗೂಟಕಡ್ಡಿಯ ತುದಿ ಮೇಲಿನ ಮರದ ತೂತಿಗೆ, ಬುಡ ಕೆಳಗಿನ ಮರದ ಉದ್ದ ಕೊರಕಲಿಗೆ ಜಾರುತ್ತದೆ, ನಡುವೆ ಹೆಣಿಗೆ. ಕೆಂಟ್‌ನಲ್ಲಿ ಹೆಣೆಯುತ್ತಿದ್ದದ್ದು ಹೇಜಲ್ ಎಂಬ ಗಿಡದ ಬರಲು, ಇಲ್ಲಿ ತೆಂಗಿನ ಗರಿಯ ಕಡ್ಡಿ ಸಾಕು. ಮಣ್ಣಿಗೆ ಜರಡಿ ಹಿಡಿದ ಜೇಡಿ 2 ಪಾಲು, ನುಣ್ಣನೆ ಮರಳು 3 ಪಾಲು, 3 ಮಿ.ಮೀ. ಕತ್ತರಿಸಿದ ಸೆಣಬಿನ ನಾರು ಒಂದು ಹಿಡಿ. ಅಸಲಿಗೆ ಹುಲ್ಲು, ಸಗಣಿ. ನಮ್ಮ ಹಳ್ಳಿಯ ಮಣ್ಣುಗೋಡೆಯ ಹದವೇ. ಎರಡು ಕಡೆಯಿಂದಲೂ ಒಟ್ಟಿಗೆ ಒತ್ತಿದರೆ ಮಾತ್ರ ಹೆಣಿಗೆಯೊಳಗೆ ಕಚ್ಚಿಕೊಳ್ಳುತ್ತದೆ. ಜೇಡಿ ಹೆಚ್ಚಾದರೆ ಒಣಗಿ ಅಂಚಿನಲ್ಲಿ ಬಿರುಕು ಬಿಡುತ್ತದೆ. ಮರುದಿನ ಒದ್ದೆ ಮಾಡಿ ತುಂಬಬೇಕು.

ಮರಕ್ಕೆ ಕಪ್ಪು ಬಳಿಯುವುದಿಲ್ಲ. ಕರಿಮರ–ಬಿಳಿಗೋಡೆಯ ನೋಟ ಬಹುಮಟ್ಟಿಗೆ ವಿಕ್ಟೋರಿಯಾ ಕಾಲದ ಒಲವು. ಓಕ್ ಹಳತಾದರೆ ಬೆಳ್ಳಿಬೂದು. ಆ ಬೂದು ಬಣ್ಣ ಬರಲು ಕಬ್ಬಿಣಕ್ಕೆ ಮರದ ಒಗರು (ಟ್ಯಾನಿನ್) ಸೇರಬೇಕು; ಆಲೆ ಮರದಲ್ಲಿ ಅದು ಕಡಿಮೆ, ಹಾಗಾಗಿ ಮೊದಲು ಗಟ್ಟಿ ಚಹಾ ನೀರು, ಒಣಗಿದ ಮೇಲೆ ಕಬ್ಬಿಣದ ನಾರು ಎರಡು ದಿನ ನೆನೆದ ವಿನೆಗರ್. ನಡುಮನೆಯಲ್ಲಿ ಚಿಮಣಿಯಿಲ್ಲದೆ ನೆಲದ ಮೇಲೇ ಬೆಂಕಿ ಉರಿಯುತ್ತಿದ್ದದ್ದರಿಂದ ಅದರ ಮೇಲಿನ ಪಕಾಸುಗಳಿಗೆ ಮಸಿ ಕೊಡಬೇಕು, ಅದೂ ಹೆಂಚು ಹೊದಿಸುವ ಮೊದಲೇ.

ಹೆಂಚಿನ ಲೆಕ್ಕ ಆಗಿದೆ. ಅಸಲು ಹೆಂಚು 265×165 ಮಿ.ಮೀ., ಮಾದರಿಗೆ 11×7. ರೀಪಿನ ಅಂತರ 4.2 ಮಿ.ಮೀ., 10 ಸೆಂ.ಮೀ. ಚೌಕಕ್ಕೆ ಸುಮಾರು 340 ಹೆಂಚು. ಹಿಂಬದಿಗೆ ರೀಪು ಹೊಡೆದಾಗಿದೆ, ಮುಂಬದಿ ಬಾಕಿ.